ಬಿಚ್ಚಿ ಕಟ್ಟಿದ ಬೋಗಿ

"ಮಾಷ್ಟ್ರೇ, ಇದು ಬೋಗಿ ಅಲ್ಲ ಮಾರಾಯ್ರೇ, ಬಿಸ್ಕಿಟಿನ ಡಬ್ಬ. ಇದಕ್ಕೆ ಚಕ್ರ ಬೇರೆ ಕೇಡು!"

ವೆಂಕಪ್ಪಣ್ಣ ಈ ಮಾತು ಹೇಳಿದ್ದು ಗುರುವಾಯನಕೆರೆಯಲ್ಲಿ ನಡೆದ ಒಂದು ವಸ್ತುಪ್ರದರ್ಶನದಲ್ಲಿ, ನಲವತ್ತು ಜನರ ಎದುರು. ಹೇಳಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಲವತ್ತು ಜನರೂ ನಕ್ಕರು. ಕೇಶವಪ್ರಸಾದನೂ ನಕ್ಕ, ನಗದೆ ಇನ್ನೇನು ಮಾಡುವುದು? ಆದರೆ ಬಸ್ಸು ಹತ್ತಿ ಮೂಡುಬಿದಿರೆಯ ಮನೆ ಸೇರುವಷ್ಟರಲ್ಲಿ ಆ ನಗು ಹುಳಿ ಬಂದಿತ್ತು. ವರ್ಷ ಕಳೆದರೂ ಅದು ಹೊಟ್ಟೆಯಿಂದ ಇಳಿದಿರಲಿಲ್ಲ.

ಅವನು ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಊರಿಗೆಲ್ಲ ಡ್ರಾಯಿಂಗ್ ಮಾಷ್ಟ್ರು. ನಿವೃತ್ತಿಯ ಮೇಲೆ ಹಿಡಿದದ್ದು ರೈಲಿನ ಹುಚ್ಚು. ಈಗಿನ ರೈಲಲ್ಲ, ತೊಂಬತ್ತರ ದಶಕದ ನಡುವಿನವರೆಗೆ ಮಂಗಳೂರಿನಿಂದ ಬಂಟ್ವಾಳ, ಪುತ್ತೂರು ದಾಟಿ, ಘಾಟಿ ಹತ್ತಿ ಹಾಸನಕ್ಕೆ ಹೋಗುತ್ತಿದ್ದ ಮೀಟರ್ ಗೇಜಿನ ಪುಟ್ಟ ರೈಲು. ಅದರ ಇಟ್ಟಿಗೆ ಕೆಂಪಿನ ಬೋಗಿಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅವುಗಳನ್ನು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ, ಇದ್ದದ್ದು ಇದ್ದ ಹಾಗೆ ಮತ್ತೆ ಕಟ್ಟಬೇಕೆಂಬುದು ಅವನ ಆಸೆ. ಬಂಟ್ವಾಳದ ವೆಂಕಪ್ಪಣ್ಣನ ಆಸೆಯೂ ಅದೇ. ಆದರೆ ವೆಂಕಪ್ಪಣ್ಣ ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸು. ಉಳಿದದ್ದೆಲ್ಲ ಕಲಿತದ್ದು ರೈಲ್ವೆಯಲ್ಲಿ. ನಿಂತ ಬೋಗಿಯ ಅಡಿಗೆ ತೆವಳಿ, ಗಾಲಿಗೆ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಬಿರುಕು ಹೇಳುವ ತಪಾಸಣೆಯ ಕೆಲಸದಲ್ಲಿ. ಮೂವತ್ತೈದು ವರ್ಷ ತಪ್ಪು ಹುಡುಕಿಯೇ ಸಂಬಳ ತಿಂದ ಮನುಷ್ಯ. ರಿಟೈರಾದ ಮೇಲೆ ಅವನಿಗೆ ಹುಡುಕಲು ಉಳಿದದ್ದು ಕೇಶವಪ್ರಸಾದನ ತಪ್ಪುಗಳು ಮಾತ್ರ.

ಹುಡುಕಿದರೆ ಸಿಗುತ್ತಿದ್ದವು ಎಂಬುದೇ ಸಂಕಟ. ಮಾಷ್ಟ್ರ ಕಣ್ಣು ಚುರುಕು, ಪೆನ್ಸಿಲು ಚುರುಕು. ತಗಡು ಹಿಡಿದರೆ ಮಾತ್ರ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಕಿಟಕಿಯ ಸರಳು ಪೊರಕೆಕಡ್ಡಿಯಷ್ಟು ದಪ್ಪವಾಗುತ್ತಿತ್ತು. ಛಾವಣಿ ನಡುವಿನಲ್ಲಿ ಜಗ್ಗುತ್ತಿತ್ತು. ಅಂಟು ಹೊರಗೆ ಉಕ್ಕುತ್ತಿತ್ತು. ವೆಂಕಪ್ಪಣ್ಣ ಒಮ್ಮೆ ಕಣ್ಣು ಹಾಯಿಸಿ, "ಇಲ್ಲಿ ಮೂರು ರಿವೆಟ್ಟು ಕಮ್ಮಿ ಉಂಟು ಮಾಷ್ಟ್ರೇ," ಎನ್ನುತ್ತಿದ್ದ. ಎಣಿಸಿದರೆ ಸರಿಯಾಗಿ ಮೂರೇ ಕಮ್ಮಿ ಇರುತ್ತಿತ್ತು.

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಬೋಗಿಯನ್ನು ಕಟ್ಟುವುದೆಂದು ಮಾತಾಯಿತು. ಎಂಬತ್ತರ ದಶಕದ, ಮರದ ಪಟ್ಟಿಯ ಸೀಟಿನ, ಎರಡನೇ ದರ್ಜೆಯ ಬೋಗಿ. ನಕ್ಷೆ ಕೇಶವಪ್ರಸಾದನದು. ಅದಕ್ಕಾಗಿ ಅವನು ಹಳೆಯ ರೈಲ್ವೆಯವರನ್ನು ಊರೂರು ಹುಡುಕಿ, ಅಳತೆ ಕೇಳಿ, ಹಳೆಯ ಫೋಟೋಗಳ ಮೇಲೆ ಅಡಿಕೋಲು ಇಟ್ಟು, ಹದಿನೆಂಟು ಹಾಳೆ ಬರೆದ. ಒಂದು ಪ್ರತಿ ತನಗೆ, ಒಂದು ಪ್ರತಿ ವೆಂಕಪ್ಪಣ್ಣನಿಗೆ. ಒಂದೇ ನಕ್ಷೆಯಿಂದ ಎರಡು ಬೋಗಿ ಹುಟ್ಟಿದವು. ಎರಡಕ್ಕೂ ಒಂದೇ ಬಣ್ಣ, ಎರಡರ ಮೇಲೂ ಒಂದೇ ನಂಬರು, ಎರಡರ ಉದ್ದವೂ ಎರಡೂಮುಕ್ಕಾಲು ಅಡಿ. ಇಷ್ಟು ಹೇಳಿದರೆ ಎರಡೂ ಒಂದೇ ಅನಿಸಬೇಕು. ಪಕ್ಕಪಕ್ಕ ಇಟ್ಟರೆ ಮಾತ್ರ ಒಂದು ರೈಲಿನಂತಿತ್ತು, ಇನ್ನೊಂದು ರೈಲಿನ ವೇಷ ಹಾಕಿದಂತಿತ್ತು.

ವೆಂಕಪ್ಪಣ್ಣನ ಬೋಗಿಯ ಬಾಗಿಲಿನ ಹಿಡಿ ತಿರುಗುತ್ತಿತ್ತು. ಕಿಟಕಿಯ ಮರದ ಜಾಲರಿ ಉಗುರು ಸೋಕಿಸಿದರೆ ಮೇಲೆ ಹೋಗಿ ನಿಲ್ಲುತ್ತಿತ್ತು. ಸೀಟಿನ ಪಟ್ಟಿಗಳೆಲ್ಲ ಸಾಗುವಾನಿ, ಒಂದೊಂದೂ ಬೆಂಕಿಕಡ್ಡಿಯ ಅರ್ಧ ದಪ್ಪ. ಬಾಗಿಲ ಪಕ್ಕದ ಗೋಡೆಯ ಮೇಲೆ ಯಾರೋ ಎಲೆಯಡಿಕೆ ಉಗಿದ ಕಲೆಯನ್ನು ಕೂಡ ಒಂದೆಳೆ ಕುಂಚದಲ್ಲಿ ಹಾಕಿದ್ದ ಪುಣ್ಯಾತ್ಮ. "ಈ ಕಲೆ ಇಲ್ಲದ ಬೋಗಿ ನಾನು ಕಂಡದ್ದೇ ಇಲ್ಲ," ಎಂದಿದ್ದ. ಇದನ್ನು ಪೂರ್ತಿಯಾಗಿ ಕಂಡದ್ದು ಕೇಶವಪ್ರಸಾದನೊಬ್ಬನೇ. ಮುಗಿಯುವ ಮುಂಚೆ ಯಾರಿಗೂ ತೋರಿಸುವುದಿಲ್ಲ ಎಂಬುದು ವೆಂಕಪ್ಪಣ್ಣನ ಹಟ. ಮುಗಿದ ಎಂಟನೇ ದಿನ ಅವನಿಗೆ ಪಾರ್ಶ್ವವಾಯು ಬಡಿಯಿತು.

ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಪೂರ್ತಿ ಹೋಯಿತು. ಎಡಗೈಗೆ ಪೆನ್ನು ಕೊಟ್ಟರೆ ಗೀಚು ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಹೌದಾ ಎಂದರೂ ಅಲ್ಲವಾ ಎಂದರೂ ಒಂದೇ ರೀತಿ ತಲೆ ಆಡಿಸುತ್ತಿದ್ದ. ಅವನ ಹೆಂಡತಿ ಪ್ರೇಮಾವತಿ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿ, ಗಂಜಿ ಕುಡಿಸಿ, ಮೈ ಒರೆಸಿ, ಬೆಳಗಿನಿಂದ ಸಂಜೆವರೆಗೆ ಒಬ್ಬಳೇ ಮಾತಾಡುತ್ತಿದ್ದಳು. ಬೋಗಿ ಮೇಲೆ ಅಟ್ಟದಲ್ಲಿ ಕೂತಿತ್ತು. ಕೇಶವಪ್ರಸಾದ ಪ್ರತಿ ಗುರುವಾರ ಬಸ್ಸು ಹತ್ತಿ ಬಂದು, ಮಂಚದ ಪಕ್ಕ ಕೂತು, ರೈಲಿನ ಸುದ್ದಿ ಹೇಳಿ ಹೋಗುತ್ತಿದ್ದ. ಆ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ಅವನು ಮುಂದೆ ಎಷ್ಟೋ ಸಲ ತನಗೇ ಹೇಳಿಕೊಂಡ.

ಕಪಟ ಬಂದದ್ದು ಒಂದು ಕರಪತ್ರದ ರೂಪದಲ್ಲಿ. ಮಂಗಳೂರಿನ ರೈಲುಮಿತ್ರ ಕೂಟದವರು ಬಿ.ಸಿ. ರೋಡಿನ ಸಭಾಭವನದಲ್ಲಿ ಹಳೆಯ ರೈಲುಗಳ ಮಾದರಿ ಪ್ರದರ್ಶನ ಇಟ್ಟಿದ್ದರು. ಮೊದಲ ಸ್ಥಾನ ಬಂದ ಮಾದರಿ ಅವರು ಹೊಸದಾಗಿ ತೆರೆಯುವ ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ, ಕೆಳಗೆ ಹಿತ್ತಾಳೆಯ ಫಲಕದಲ್ಲಿ ಮಾಡಿದವರ ಹೆಸರು ಇರುತ್ತದೆ ಎಂದು ಅದರಲ್ಲಿತ್ತು. ಹೆಸರು! ಮೂವತ್ತೊಂದು ವರ್ಷ ಮಕ್ಕಳ ಹಾಳೆಗಳ ಮೂಲೆಯಲ್ಲಿ ಸಹಿ ಹಾಕಿದವನಿಗೆ ತನ್ನದೆಂದು ತೋರಿಸಲು ಒಂದು ವಸ್ತು ಇರಲಿಲ್ಲ. ತಾನು ಸತ್ತ ಮೇಲೂ ಗಾಜಿನ ಹಿಂದೆ ನಿಲ್ಲುವ ಬೋಗಿ. ನಕ್ಷೆ ಯಾರದು? ತನ್ನದು. ಅಳತೆ ಯಾರದು? ತನ್ನದು. ವೆಂಕಪ್ಪಣ್ಣ ಇನ್ನು ಯಾರಿಗೂ ಅದನ್ನು ತೋರಿಸಲಾರ, ಅವನಿಗೆ ಅದರಿಂದ ಆಗಬೇಕಾದ್ದೂ ಏನಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಕೇಶವಪ್ರಸಾದನಿಗೆ ಒಂದಲ್ಲ, ಹದಿನೆಂಟು ಹಾಳೆ ನೆವ ಇತ್ತು.

ಯೋಚಿಸಿದಷ್ಟೂ ಕೆಲಸ ಸುಲಭವಾಗಿ ಕಂಡಿತು. ತನ್ನ ಬೋಗಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂಟ್ವಾಳಕ್ಕೆ ತರುವುದು, ವೆಂಕಪ್ಪಣ್ಣನಿಂದ ಬೈಸಿಕೊಂಡು ವಾಪಸು ಒಯ್ಯುವುದು ಮೊದಲಿನಿಂದ ನಡೆದು ಬಂದದ್ದು. ಪೆಟ್ಟಿಗೆ ಬಂತು, ಪೆಟ್ಟಿಗೆ ಹೋಯಿತು, ಯಾರು ಕೇಳುತ್ತಾರೆ? ಪ್ರೇಮಾವತಿಗೆ ರೈಲೆಂದರೆ ರೈಲು. ಬೋಗಿಯ ಮೇಲೆ ವೆಂಕಪ್ಪಣ್ಣನ ಗುರುತೂ ಇರಲಿಲ್ಲ. ಎಲ್ಲಾದರೂ ಹೆಸರು ಬರೆ ಎಂದು ಕೇಶವಪ್ರಸಾದನೇ ಒಮ್ಮೆ ಹೇಳಿದ್ದಕ್ಕೆ, "ಹೆಸರು ಕೊರೆಸಲಿಕ್ಕೆ ಇದೆಂಥ ಸ್ಟೀಲಿನ ಚೊಂಬಾ ಮಾಷ್ಟ್ರೇ?" ಎಂದು ನಕ್ಕಿದ್ದ.

ಮುಂದಿನ ಗುರುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವನು ಪೆಟ್ಟಿಗೆಯೊಂದಿಗೆ ಬಂದ. ಪ್ರೇಮಾವತಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು.

"ಅಟ್ಟಕ್ಕೆ ಹೋಗಿ ಬೋಗಿಯ ಧೂಳು ಒರೆಸಿ ಬರ್ತೇನೆ ಪ್ರೇಮಕ್ಕ," ಎಂದ.

"ಹೋಗಿ ಮಾಷ್ಟ್ರೇ. ನೀವಲ್ಲದೆ ಅದನ್ನು ನೋಡುವವರು ಬೇರೆ ಯಾರುಂಟು?" ಎಂದಳು ಅವಳು. ಅವಳ ದನಿಯಲ್ಲಿದ್ದ ನಂಬಿಕೆಗೆ ಅವನ ಕಾಲು ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತುಬಿಟ್ಟಿತು. ಆದರೂ ಹತ್ತಿದ. ಅದಲುಬದಲು ಮಾಡಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಇಳಿದು ಬಂದು ವೆಂಕಪ್ಪಣ್ಣನ ಎಡಗೈ ಹಿಡಿದು, "ಬರ್ತೇನೆ," ಎಂದ. ಆ ಕೈ ಬೆಚ್ಚಗಿತ್ತು.

ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲೆ ಕೂತಿತು. ಕಂಡಕ್ಟರು ಟಿಕೆಟು ಕೊಡುವಾಗ, "ಪೆಟ್ಟಿಗೆಯಲ್ಲಿ ಎಂಥ?" ಎಂದು ಸುಮ್ಮನೆ ಕೇಳಿದ್ದಕ್ಕೆ ಕೇಶವಪ್ರಸಾದ, "ನನ್ನದೇ, ನನ್ನದೇ," ಎಂದುಬಿಟ್ಟ. ಕಂಡಕ್ಟರು ವಿಚಿತ್ರವಾಗಿ ನೋಡಿದ. ಸಿದ್ದಕಟ್ಟೆ ಬರುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿತ್ತು. ಛೇ, ಇದೆಂಥ ಕೆಲಸ ಮಾಡಿದೆ! ಹಾಸಿಗೆ ಹಿಡಿದವನ ಮನೆಗೆ ಹೋಗಿ! ತಟ್ಟನೆ ಎದ್ದು ಇಳಿದು, ರಸ್ತೆ ದಾಟಿ, ವಾಪಸು ಬಂಟ್ವಾಳಕ್ಕೆ ಹೋಗುವ ಬಸ್ಸಿಗೆ ನಿಂತ. ಬಸ್ಸು ಬಂತು. ಜನ ಬಾಗಿಲಿನಲ್ಲಿ ನೇತಾಡುತ್ತಿದ್ದರು. "ಅಷ್ಟು ದೊಡ್ಡ ಪೆಟ್ಟಿಗೆ ಹಿಡಿಯುವುದಿಲ್ಲ ಮಾಷ್ಟ್ರೇ, ಹಿಂದೆ ಇನ್ನೊಂದು ಉಂಟು," ಎಂದು ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು. ಆಮೇಲೆ ಮೊದಲು ಬಂದದ್ದು ಮೂಡುಬಿದಿರೆಯ ಬಸ್ಸು, ಅರ್ಧ ಖಾಲಿ. ದೇವರೇ ದಾರಿ ತೋರಿಸಿದ ಎಂದು ಕೇಶವಪ್ರಸಾದ ಅದನ್ನು ಹತ್ತಿದ. ಇನ್ನು ಐದು ನಿಮಿಷ ಕಾಯಬಹುದಿತ್ತು ಎಂದು ಅವನಿಗೂ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ, ಅವಳ ಹೆಸರೇ ಶ್ರೀಮತಿ, ಪೆಟ್ಟಿಗೆ ತೆರೆದು ನೋಡಿ ಬಾಯಿಯ ಮೇಲೆ ಕೈಯಿಟ್ಟಳು.

"ಇದು ನೀವು ಮಾಡಿದ್ದಾ? ಮೊನ್ನೆ ಹೀಗೆ ಇರಲಿಲ್ಲವಲ್ಲ!"

"ಸ್ವಲ್ಪ ತಿದ್ದಿದೆ."

"ಸ್ವಲ್ಪವಾ? ಅಯ್ಯೋ ದೇವರೇ, ನಿಮ್ಮ ಕೈಯಲ್ಲಿ ಇಷ್ಟು ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ." ಮೂವತ್ತಾರು ವರ್ಷದ ದಾಂಪತ್ಯದಲ್ಲಿ ಅವಳು ಅವನನ್ನು ಹೀಗೆ ನೋಡಿದ್ದು ಅದೇ ಮೊದಲು. ಸಂಜೆ ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ಇನ್ನು ಹಿಂದೆ ಒಯ್ಯುವುದು ಹೇಗೆ? ಅವಳಿಗೆ ಏನು ಹೇಳುವುದು? ಮೊದಲ ಸುಳ್ಳಿಗೆ ಬಾಯಿ ತೆರೆಸಿದ್ದು ಅವಳೇ ಎಂದು ಅವನು ಅವಳ ಮೇಲೂ ಸ್ವಲ್ಪ ಸಿಟ್ಟು ಮಾಡಿಕೊಂಡ.

ಹೆಸರು ನೋಂದಾಯಿಸಿದ ಮೂರನೇ ದಿನ ರೈಲುಮಿತ್ರ ಕೂಟದ ಅಬ್ದುಲ್ ರವೂಫ್ ಸಾಹೇಬರ ಫೋನು ಬಂತು. ರೈಲ್ವೆಯಲ್ಲಿ ಇಂಜಿನಿಯರಾಗಿದ್ದವರು, ಪ್ರದರ್ಶನದ ತೀರ್ಪುಗಾರರು. ಗುರುವಾಯನಕೆರೆಯ ನಲವತ್ತು ಜನರಲ್ಲಿ ಅವರೂ ಒಬ್ಬರು.

"ಮಾಷ್ಟ್ರೇ, ತಪ್ಪು ತಿಳ್ಕೊಳ್ಳಬೇಡಿ. ಕೆಲವರು ಹೊರಗಿನಿಂದ ಮಾಡಿಸಿ ತಂದು ತಮ್ಮದು ಅಂತ ಇಡ್ತಾರೆ. ಅದಕ್ಕೆ ಈ ವರ್ಷ ಒಂದು ನಿಯಮ ಉಂಟು. ಕಟ್ಟುತ್ತಾ ಹೋದ ಹಾಗೆ ತೆಗೆದ ಫೋಟೋ, ಹಂತಹಂತದ್ದು, ಹನ್ನೆರಡು ಬೇಕು. ಬೋರ್ಡಿಗೆ ಅಂಟಿಸಿ ಪಕ್ಕದಲ್ಲಿ ಇಡುವುದು."

"ಓಹೋ, ಅದಕ್ಕೇನು, ಉಂಟಲ್ಲ," ಎಂದ ಕೇಶವಪ್ರಸಾದ.

ಮುಗಿದ ಬೋಗಿಗೆ ಕಟ್ಟುವ ಫೋಟೋ ಎಲ್ಲಿಂದ ತರುವುದು? ಒಂದು ಗಂಟೆ ಬೋಗಿಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಉತ್ತರ ಹೊಳೆಯಿತು. ಹೊಳೆದಾಗ ತನ್ನ ಬುದ್ಧಿಗೆ ತಾನೇ ಬೆರಗಾದ. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ವ್ಯತ್ಯಾಸ ಏನು? ದಿಕ್ಕು ಮಾತ್ರ. ಬೋಗಿಯನ್ನು ಒಂದೊಂದು ಭಾಗವಾಗಿ ಬಿಚ್ಚುತ್ತಾ ಹೋಗುವುದು, ಪ್ರತಿ ಹಂತದ ಫೋಟೋ ತೆಗೆಯುವುದು, ಕೊನೆಯದನ್ನು ಮೊದಲು ಅಂಟಿಸುವುದು. ಪೂರ್ತಿ ಬೋಗಿಯಿಂದ ಬರೀ ಚೌಕಟ್ಟಿಗೆ ಬಂದ ದಾರಿಯನ್ನು ಜನ ಚೌಕಟ್ಟಿನಿಂದ ಬೋಗಿಗೆ ಹೋದ ದಾರಿ ಎಂದು ಓದುತ್ತಾರೆ. ಬೇರೆಯವರ ಕೆಲಸವಾಗಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ವೆಂಕಪ್ಪಣ್ಣ ಎಲ್ಲವನ್ನೂ ಸ್ಕ್ರೂ ಹಾಕಿಯೇ ಜೋಡಿಸಿದ್ದ. "ಬಿಚ್ಚಲಿಕ್ಕೆ ಬಾರದ್ದು ರಿಪೇರಿಗೂ ಬಾರದ್ದು," ಎಂಬುದು ಅವನ ರೈಲ್ವೆಯ ಪಾಠ. ಆ ಪಾಠ ಹೀಗೆ ಉಪಯೋಗಕ್ಕೆ ಬರುತ್ತದೆಂದು ಪಾಪ, ಅವನಿಗೇನು ಗೊತ್ತು.

ಕೇಶವಪ್ರಸಾದ ಆತುರಪಡಲಿಲ್ಲ. ಒಂದೇ ದಿನದಲ್ಲಿ ಬಿಚ್ಚಿ ಹನ್ನೆರಡು ಫೋಟೋ ತೆಗೆದರೆ ಮುಖದ ಗಡ್ಡ ಒಂದೇ, ಉಗುರಿನ ಕೊಳೆ ಒಂದೇ. ರವೂಫ್ ಸಾಹೇಬರ ಕಣ್ಣು ಸಾಮಾನ್ಯದ್ದಲ್ಲ. ಆದ್ದರಿಂದ ದಿನಕ್ಕೊಂದೇ ಫೋಟೋ, ಹನ್ನೆರಡು ದಿನ. ದಿನಕ್ಕೊಂದು ಅಂಗಿ. ಒಂದು ದಿನ ಕನ್ನಡಕ, ಒಂದು ದಿನ ಇಲ್ಲ. ಗೋಡೆಯ ಕ್ಯಾಲೆಂಡರು ತೆಗೆದ, ಗಡಿಯಾರ ಇಳಿಸಿದ. ಬಿಸಿಲಿನ ನೆರಳು ಸಮಯ ಹೇಳಬಾರದೆಂದು ಕಿಟಕಿ ಮುಚ್ಚಿ ಟ್ಯೂಬ್‌ಲೈಟು ಹಾಕಿದ. ಬಣ್ಣ ಬಳಿದ ಮೈ ಕಾಣದಂತೆ, ಬಣ್ಣವಿಲ್ಲದ ಒಳಮೈ ಮೊಬೈಲಿನ ಕಡೆಗೆ ತಿರುಗುವಂತೆ ಭಾಗಗಳನ್ನು ಇಟ್ಟ. ಇದು ಮಾಷ್ಟ್ರ ಮನೆಯ ಕೋಣೆಯೇ ಎಂದು ನೋಡಿದವರಿಗೆ ಖಾತರಿಯಾಗಲೆಂದು ಮೊಬೈಲನ್ನು ಸ್ವಲ್ಪ ದೂರವೇ ನಿಲ್ಲಿಸಿದ. ಟೈಮರು ಒತ್ತಿ, ಓಡಿ ಹೋಗಿ ಕೂತು, ಸ್ಕ್ರೂಡ್ರೈವರು ಹಿಡಿದು ತಲೆ ತಗ್ಗಿಸುತ್ತಿದ್ದ. ಕಟ್ಟುವವನ ಹಾಗೆ ಕಾಣಲು ಹಣೆಯಲ್ಲಿ ಗೆರೆ ಮೂಡಿಸುತ್ತಿದ್ದ. ಕೋಣೆಯಿಂದ ಆಚೆ ಬರುವುದೇ ಕಡಿಮೆಯಾಯಿತು. ಹಸಿವಾದರೆ ಅಲ್ಲೇ ಕೈಗೆ ಸಿಕ್ಕಿದ್ದನ್ನು ತಿಂದ.

ಮೊದಲ ದಿನ ಛಾವಣಿ ಬಿಚ್ಚಿತು. ಎರಡನೇ ದಿನ ಫ್ಯಾನುಗಳು. ನಾಲ್ಕನೇ ದಿನ ಸೀಟುಗಳನ್ನು ಎತ್ತಿದಾಗ ಕೇಶವಪ್ರಸಾದ ಸ್ಕ್ರೂಡ್ರೈವರು ಕೆಳಗಿಟ್ಟ. ಸೀಟಿನ ಅಡಿಯಲ್ಲಿ, ಯಾರೂ ಯಾವತ್ತೂ ನೋಡದ ಜಾಗದಲ್ಲಿ, ವೆಂಕಪ್ಪಣ್ಣ ನೆಲಕ್ಕೆ ಸವೆದ ಬಣ್ಣ ಹಾಕಿದ್ದ. ಕೂತವರ ಚಪ್ಪಲಿ ಉಜ್ಜಿ ಉಜ್ಜಿ ಸವೆಯುವ ಜಾಗ. ಎಲ್ಲಾದರೂ ಒಂದು ಹೆಸರು, ಒಂದು ಅಕ್ಷರ ಅಡಗಿದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕುವುದು ಅವನ ಯೋಜನೆಯ ಒಂದು ಭಾಗ. ಹುಡುಕಿದ. ಕಕ್ಕಸಿನ ಬಾಗಿಲ ಹಿಂದೆ ನೋಡಿದ, ಚಕ್ರಗಳ ಚೌಕಟ್ಟು ಮಗುಚಿ ನೋಡಿದ. ಎಲ್ಲೂ ಇರಲಿಲ್ಲ. ಹೆಸರಿದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನಿಸಿತು. ಇದ್ದಿದ್ದರೆ ಎಲ್ಲ ಬಿಟ್ಟು ವಾಪಸು ಕೊಟ್ಟುಬಿಡಬಹುದಿತ್ತು.

ಆ ವಾರದ ಗುರುವಾರವೂ ಅವನು ಬಂಟ್ವಾಳಕ್ಕೆ ಹೋದ. ಹೋಗದಿದ್ದರೆ ಅನುಮಾನ. ಒಳಗೆ ಕಾಲಿಟ್ಟವನು ಬಾಗಿಲ ಹತ್ತಿರವೇ ನಿಂತ. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವನದೇ ಬೋಗಿ, ಆ ಜಗ್ಗಿದ ಛಾವಣಿಯ ಬೋಗಿ, ಕೂತಿತ್ತು.

"ಕಣ್ಣೆದುರು ಇದ್ದರೆ ಇವರಿಗೆ ಖುಷಿ ಆಗಬಹುದು ಅಂತ ಕೆಳಗೆ ತಂದೆ ಮಾಷ್ಟ್ರೇ," ಎಂದಳು ಪ್ರೇಮಾವತಿ. "ಖುಷಿ ಎಲ್ಲಿಂದ? ಕಂಡ ಕೂಡಲೇ ಸಿಟ್ಟು. ಮಂಚಕ್ಕೆ ಬಡಿದು ಬಡಿದು ಇಡ್ತಾರೆ. ಕಣ್ಣಲ್ಲಿ ನೀರು ಬೇರೆ. ಇನ್ನು ತನ್ನಿಂದ ಆಗುವುದಿಲ್ಲ ಅಂತ ಬೇಜಾರಾ ಏನು? ನಿಮಗಾದರೂ ಗೊತ್ತಾಗ್ತದಾ ನೋಡಿ."

ವೆಂಕಪ್ಪಣ್ಣ ಬೋಗಿಯನ್ನು ನೋಡಿದ. ಆಮೇಲೆ ಕೇಶವಪ್ರಸಾದನನ್ನು ನೋಡಿದ. ಕಣ್ಣು ಮಿಟುಕಿಸಲಿಲ್ಲ. ಎಡಗೈ ಮಂಚದ ಪಟ್ಟಿಗೆ ಒಂದು ಸಲ ಬಡಿಯಿತು, ಇನ್ನೊಂದು ಸಲ ಬಡಿಯಿತು. ಅವನಿಗೆ ಗೊತ್ತಾಗಿದೆ. ಎಲ್ಲ ಗೊತ್ತಾಗಿದೆ, ಹೇಳಲು ಮಾತ್ರ ಬರುತ್ತಿಲ್ಲ. ಕೇಶವಪ್ರಸಾದನಿಗೆ ಅಲ್ಲೇ ಕಾಲು ಹಿಡಿದು ಅಳಬೇಕೆನಿಸಿತು. ಬಾಯಿ ತೆರೆದ. ಬಾಯಿಯಿಂದ ಬಂದದ್ದು, "ಬೇಜಾರೇ ಇರಬೇಕು ಪ್ರೇಮಕ್ಕ. ಕಣ್ಣಿಗೆ ಕಾಣದ ಹಾಗೆ ಮೇಲೆ ಇಟ್ಟುಬಿಡುವ," ಎಂಬ ಮಾತು. ತಾನೇ ಎತ್ತಿಕೊಂಡು ಹೋಗಿ ಅಟ್ಟದಲ್ಲಿಟ್ಟು ಬಂದ.

ಬಂದವನು ಉಳಿದ ಹಂತಗಳನ್ನು ಮುಗಿಸಿದ. ಹನ್ನೆರಡನೇ ದಿನ ಮೇಜಿನ ಮೇಲೆ ಉಳಿದದ್ದು ಬರೀ ಹಿತ್ತಾಳೆಯ ಚೌಕಟ್ಟು. ಮತ್ತೆ ಜೋಡಿಸಲು ಐದು ದಿನ ಹಿಡಿಯಿತು. ಪ್ರತಿ ಸ್ಕ್ರೂ ತನ್ನ ಜಾಗದಲ್ಲಿ ಹಾಯಾಗಿ ಕೂತಿತು. ಆ ಐದು ದಿನ ತಾನೇ ಕಟ್ಟುತ್ತಿದ್ದೇನೆ ಅನಿಸಿ ಸುಖವಾಯಿತು. ಸುಖವಾದದ್ದಕ್ಕೆ ನಾಚಿಕೆಯೂ ಆಯಿತು. ಫೋಟೋಗಳನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿ, ಮೊಬೈಲಿನಿಂದ ಅಳಿಸಿದ. ಕೊನೆಯದು ಮೊದಲು, ಮೊದಲನೆಯದು ಕೊನೆಗೆ. ಅಡಿಯಲ್ಲಿ ತನ್ನ ಮುದ್ದಾದ ಅಕ್ಷರದಲ್ಲಿ ಬರೆದ: ಎರಡನೇ ತಿಂಗಳು, ನಾಲ್ಕನೇ ತಿಂಗಳು, ಆರನೇ ತಿಂಗಳು. ಹೀಗೆ ಇಪ್ಪತ್ತನಾಲ್ಕರವರೆಗೆ, ಪೂರ್ತಿ ಎರಡು ವರ್ಷ. ಬೋರ್ಡನ್ನು ಗೋಡೆಗೆ ಒರಗಿಸಿ ನೂರು ಸಲ ನೋಡಿದ. ಬೋಗಿ ಅವನ ಕೈಯಲ್ಲಿ ಎಷ್ಟು ಚಂದ ಬೆಳೆದಿತ್ತು! ಒಂದು ತಪ್ಪು ಸಿಗಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಸಭಾಭವನದಲ್ಲಿ ಜನವೋ ಜನ. ರವೂಫ್ ಸಾಹೇಬರು ಬೋ‌ಗಿಯ ಮುಂದೆ ಅರ್ಧ ಗಂಟೆ ಬಗ್ಗಿ ನಿಂತರು. ಜಾಲರಿ ಏರಿಸಿದರು, ಇಳಿಸಿದರು. ಎಲೆಯಡಿಕೆಯ ಕಲೆ ಕಂಡು, "ಯಾ ಅಲ್ಲಾಹ್!" ಎಂದು ನಕ್ಕುಬಿಟ್ಟರು. ಬೋರ್ಡಿನ ಮೇಲೆ ಕಣ್ಣಾಡಿಸಿದರು. ಚೌಕಟ್ಟು, ಗೋಡೆ, ಸೀಟು, ಛಾವಣಿ, ಎಲ್ಲ ಕ್ರಮವಾಗಿತ್ತು. ತಲೆದೂಗಿದರು.

"ಮಾಷ್ಟ್ರೇ, ಗುರುವಾಯನಕೆರೆಯಲ್ಲಿ ನಾನೂ ನಕ್ಕಿದ್ದೆ. ಮಾಫ್ ಮಾಡಿ," ಎಂದು ಎಲ್ಲರ ಎದುರು ಕೈ ಹಿಡಿದರು. ಇದೇ ಮಾತಿಗಾಗಿ ಕೇಶವಪ್ರಸಾದ ವರ್ಷವಿಡೀ ಉರಿದಿದ್ದ. ಈಗ ಕೈಗೆ ಸಿಕ್ಕಿದಾಗ ಅದರಲ್ಲಿ ರುಚಿಯೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಶ್ರೀಮತಿ ಹೊಸ ಸೀರೆ ಉಟ್ಟು ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಗ ಬಾಗಿಲಲ್ಲಿ ಪ್ರೇಮಾವತಿ ತಳ್ಳುತ್ತಿದ್ದ ಗಾಲಿಕುರ್ಚಿ ಕಂಡಿತು, ಅದರಲ್ಲಿ ವೆಂಕಪ್ಪಣ್ಣ. ನಿವೃತ್ತ ರೈಲ್ವೆ ನೌಕರರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇತ್ತೆಂದು, ಅದಕ್ಕೆ ವೆಂಕಪ್ಪಣ್ಣನನ್ನೂ ಕರೆದಿದ್ದಾರೆಂದು ಕೇಶವಪ್ರಸಾದನಿಗೆ ತಿಳಿದದ್ದು ಆ ಗಳಿಗೆಯಲ್ಲೇ. ಒಮ್ಮೆ ಬೆವರಿದ, ಮತ್ತೆ ಲೆಕ್ಕ ಹಾಕಿದ. ಮಾತಿಲ್ಲ, ಅಕ್ಷರವಿಲ್ಲ. ಕೂಗಿದರೂ ಪಾಪ ರೋಗಿ ಎನ್ನುತ್ತಾರೆ. ತಾನೇ ಮುಂದೆ ಹೋಗಿ ಕುರ್ಚಿ ತಳ್ಳಿಕೊಂಡು ಬಂದ. "ಇವರು ನನ್ನ ಗುರುಗಳು. ಇವರು ತಿದ್ದಿದ್ದರಿಂದ ನಾನು ಕಲಿತೆ," ಎಂದು ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಮೊದಲ ಸ್ಥಾನ ಮಾಷ್ಟ್ರ ಬೋಗಿಗೆ ಎಂದು ಸಾರಿದ ರವೂಫ್ ಸಾಹೇಬರು ಅಷ್ಟರಲ್ಲೇ ಕೊರೆಸಿದ್ದ ಹಿತ್ತಾಳೆಯ ಫಲಕ ತಂದು ಬೋಗಿಯ ಮುಂದೆ ಇಟ್ಟರು. ಅದರಲ್ಲಿ ಕೆ. ಕೇಶವಪ್ರಸಾದ, ಮೂಡುಬಿದಿರೆ ಎಂದಿತ್ತು.

ವೆಂಕಪ್ಪಣ್ಣ ಬೋಗಿಯನ್ನು ತುಂಬ ಹೊತ್ತು ನೋಡಿದ. ಕೆನ್ನೆಯ ಮೇಲೆ ನೀರು ಇಳಿಯಿತು. ನೋಡಿದವರು ಶಿಷ್ಯನ ಮೇಲಿನ ಪ್ರೀತಿ ಎಂದುಕೊಂಡರು. ಕೇಶವಪ್ರಸಾದ ಮಾತ್ರ ತಲೆ ಎತ್ತಲಾರದೆ ನೆಲ ನೋಡುತ್ತಾ ನಿಂತ. ಆಮೇಲೆ ವೆಂಕಪ್ಪಣ್ಣನ ಕಣ್ಣು ಫೋಟೋಗಳ ಬೋರ್ಡಿಗೆ ಹೋಯಿತು. ಮೊದಲನೆಯದರಿಂದ ಕೊನೆಯದಕ್ಕೆ, ಕೊನೆಯದರಿಂದ ಮೊದಲನೆಯದಕ್ಕೆ, ಒಂದನ್ನೂ ಬಿಡದೆ ನಿಧಾನವಾಗಿ ನೋಡಿದ.

ಅವನ ಎಡಗೈ ಎದ್ದಿತು. ಬೆರಳು ಮೊದಲ ಫೋಟೋದ ಮೇಲೆ ಕೂತಿತು. ಚೌಕಟ್ಟಿನ ಮೇಲಲ್ಲ, ಮಾಷ್ಟ್ರ ತಲೆಯ ಮೇಲಿನ ಮೂಲೆಯಲ್ಲಿ, ಎಲ್ಲರ ಮನೆಯಲ್ಲೂ ಇರುವ ಹಾಗೆ ಜಂತಿಯ ಕೊಕ್ಕೆಗೆ ಶ್ರೀಮತಿ ತೂಗುಹಾಕಿದ್ದ ಬಾಳೆಗೊನೆಯ ಮೇಲೆ. "ಎಂಥ, ಬಾಳೆಹಣ್ಣು ಬೇಕಾ? ಹಸಿವಾಗ್ತದಾ?" ಎಂದಳು ಪ್ರೇಮಾವತಿ. ಯಾರೋ ಮರುಕದಿಂದ ನಕ್ಕರು. ಬೆರಳು ಎರಡನೇ ಫೋಟೋಕ್ಕೆ ಸರಿಯಿತು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಪ್ರತಿಯೊಂದರಲ್ಲೂ ಅದೇ ಮೂಲೆಗೆ. ಹಿತ್ತಲಿನ ಬಾಳೆ ಕಡಿದು ಹಣ್ಣಿಗಿಟ್ಟೇ ಕೈ ಸವೆಸಿದ ಪ್ರೇಮಾವತಿ ಕನ್ನಡಕ ಹಾಕಿಕೊಂಡು ಬೆರಳಿನ ಹಿಂದೆಯೇ ಬಗ್ಗಿ ನೋಡುತ್ತಾ ಹೋದಳು. ಕೊನೆಯ ಫೋಟೋ ಮುಟ್ಟಿ, ತಿರುಗಿ, ಕೇಶವಪ್ರಸಾದನ ಮುಖ ನೋಡಿ, ಮೈಕು ಹತ್ತಿರವಿದೆ ಎಂಬ ಗೊಡವೆಯಿಲ್ಲದೆ ಕೇಳಿದಳು: "ಇದೆಂಥದು ಮಾಷ್ಟ್ರೇ? ಎರಡು ವರ್ಷ ಒಂದೇ ಗೊನೆಯಾ? ಅದೂ ಮೊದಲು ಬರೀ ದಂಟು, ಆಮೇಲೆ ಹಣ್ಣು, ಕಡೆಗೆ ಹಸಿ ಕಾಯಿ?"